ಶನಿ ಮೀನಕ್ಕೆ ಹೋದ, ಕಾಕಾನ ಠೇವಣಿ ಎಲ್ಲಿಗೆ ಹೋಯ್ತು?

ಹಿರೇಕೊಟ್ನೆಕಲ್ಲಿನಲ್ಲಿ ಬಸ್ಸಿಗೆ ಕಾಯುವವರಿಗೆ ಒಗ್ಗರಣಿ-ಮಿರ್ಚಿ ಹಾಕಿಕೊಡುವ ಕಾಕಾ ಒಬ್ಬರಿದ್ದಾರೆ. ಹೆಸರು ಬೇಡ. ಮೂವತ್ತು ವರ್ಷ ಎಣ್ಣೆ ಬಾಣಲಿಯ ಮುಂದೆ ನಿಂತ ಮನುಷ್ಯ. ದಿನಾ ಬೆಳಗಾದರೆ ಬಿಸಿ ಮಿರ್ಚಿ, ಸಂಜೆಯಾದರೆ ಚಿಲ್ಲರೆ ಎಣಿಕೆ. ಹೀಗೆ ಎಣಿಸಿ ಎಣಿಸಿ ಕೂಡಿಸಿದ ಮೂರು ಲಕ್ಷ ರೂಪಾಯಿಯನ್ನು ಮೊಮ್ಮಗಳ ಮದುವೆಗೆಂದು ಒಂದು ಬ್ಯಾಂಕಿನಲ್ಲಿ ಠೇವಣಿ ಇಟ್ಟಿದ್ದರು.

2025ರ ಮಾರ್ಚ್ 29, ಶನಿವಾರ. ಮರುದಿನ ಯುಗಾದಿ. ನಾನು ಮಾನ್ವಿ ಬಸ್ಸಿಗೆ ಕಾಯುತ್ತಿದ್ದೆ. ಕಾಕಾನ ಮಗನ ಮೊಬೈಲಿನಲ್ಲಿ ಒಬ್ಬರು ಜೋರಾಗಿ ಭವಿಷ್ಯ ನುಡಿಯುತ್ತಿದ್ದರು. ಶನಿ ಕುಂಭ ಬಿಟ್ಟು ಮೀನಕ್ಕೆ ಕಾಲಿಟ್ಟಿದ್ದಾನೆ, ಮೀನದಲ್ಲಿ ಆರು ಗ್ರಹ ಕೂಡಿವೆ, ಗಾದಿಗಳು ಅಲುಗಾಡುತ್ತವೆ, ಸರ್ಕಾರಗಳು ಉರುಳುತ್ತವೆ, ಬ್ಯಾಂಕಿಗೂ ಇನ್ಶೂರೆನ್ಸಿಗೂ ಕಂಟಕ, ರೊಕ್ಕ ಇದ್ದವರು ಹುಷಾರು. ನಡುವೆ ಒಂದು ಹರಳಿನ ಉಂಗುರದ ಜಾಹೀರಾತು. ಮತ್ತೆ ಕಂಟಕ.

ಕಾಕಾ ಜಾರಿ ಕೈಯಲ್ಲಿ ಹಿಡಿದುಕೊಂಡೇ ನನ್ನ ಕಡೆ ತಿರುಗಿದರು.

'ಏನಂತೀಯಪಾ, ನೀ ಪೇಪರಿಗೆ ಬರೆಯಾಂವ. ಬ್ಯಾಂಕಿನ್ಯಾಗಿಂದು ತೆಗದುಬಿಡ್ಲೇನು?'

ಅಷ್ಟರಲ್ಲಿ ಬಸ್ಸು ಬಂತು. ಸೀಟು ಹಿಡಿಯುವ ಗಡಿಬಿಡಿ. 'ನೋಡ್ರಿ ಕಾಕಾ, ರೊಕ್ಕ ನಿಮ್ದು, ಇಷ್ಟ ನಿಮ್ದು' ಅಂದು ಹತ್ತಿಬಿಟ್ಟೆ. ಅವತ್ತು ಕೊಡದೆ ಹೋದ ಉತ್ತರವನ್ನು ಇವತ್ತು ಈ ಅಂಕಣದಲ್ಲಿ ಬರೆಯುತ್ತಿದ್ದೇನೆ. ತಡವಾಯಿತು, ಒಪ್ಪುತ್ತೇನೆ.

ಮೊದಲಿಗೆ ಒಂದು ಮಾತು. ನಮ್ಮೂರ ಆಚಾರ್ರು ಇದನ್ನು ಓದಿ ಸಿಟ್ಟಾಗಬೇಕಾಗಿಲ್ಲ. ಯುಗಾದಿಯ ದಿನ ಬೇವು-ಬೆಲ್ಲ ತಿಂದು, ಗುಡಿಯ ಕಟ್ಟೆಯ ಮೇಲೆ ಕೂತು ಪಂಚಾಂಗ ಕೇಳುವುದು ನನಗೂ ಇಷ್ಟ. ಮಳೆ ಎಷ್ಟು ಕೊಳಗ, ಬೆಳೆ ಎಷ್ಟು, ಈ ವರ್ಷ ರಾಜ ಯಾರು, ಮಂತ್ರಿ ಯಾರು, ಸಸ್ಯಾಧಿಪತಿ ಯಾರು, ಬೆಲೆಗಳಿಗೆ ಒಡೆಯನಾದ ಅರ್ಘಾಧಿಪತಿ ಯಾರು ಎಂದು ಆಚಾರ್ರು ಓದುತ್ತಾ ಹೋದರೆ ಕಿರಾಣಿ ಸಾಹುಕಾರರು ಮೈಯೆಲ್ಲ ಕಿವಿಯಾಗುತ್ತಾರೆ. ಆದರೆ ಈ ರಾಜನ ಆಯ್ಕೆ ಹೇಗೆ ಆಗುತ್ತದೆ ಎಂಬುದು ಎಷ್ಟು ಜನಕ್ಕೆ ಗೊತ್ತು? ಯುಗಾದಿ ಯಾವ ವಾರ ಬರುತ್ತದೋ ಆ ವಾರದ ಒಡೆಯನೇ ವರ್ಷದ ರಾಜ. ಸೂರ್ಯ ಮೇಷಕ್ಕೆ ಹೋಗುವ ವಾರದ ಒಡೆಯ ಮಂತ್ರಿ. ಅಷ್ಟೇ. 2025ರಲ್ಲಿ ಯುಗಾದಿ ಭಾನುವಾರ ಬಿತ್ತು, ರವಿ ರಾಜನಾದ. ಚುನಾವಣೆ ಇಲ್ಲ, ರೆಸಾರ್ಟ್ ಇಲ್ಲ, ಪಕ್ಷಾಂತರ ಇಲ್ಲ. ನಮ್ಮ ವಿಧಾನಸಭೆಗೂ ಇಂಥದೊಂದು ಪದ್ಧತಿ ಇದ್ದಿದ್ದರೆ ಖರ್ಚು ಬಹಳ ಉಳಿಯುತ್ತಿತ್ತು.

ಇನ್ನು ಆಯ-ವ್ಯಯ. ಅದು ರಾಶಿಯ ಲೆಕ್ಕ. ಒಂದೇ ರಾಶಿಯಲ್ಲಿ ಹುಟ್ಟಿದ ಕಿರಾಣಿ ಸಾಹುಕಾರನಿಗೂ ಅವನ ಅಂಗಡಿಯ ಮುಂದೆ ಚೀಲ ಹೊರುವ ಹಮಾಲನಿಗೂ ಒಂದೇ ಆಯ, ಒಂದೇ ವ್ಯಯ. ಹಮಾಲನನ್ನು ಕೇಳಿ ನೋಡಿ, ನಗುತ್ತಾನೆ.

ದೇಶದ, ಸರ್ಕಾರದ, ಖಜಾನೆಯ ಭವಿಷ್ಯ ಹೇಳುವುದಕ್ಕೆ ಬೇರೆಯೇ ವಿದ್ಯೆ ಉಂಟು. ಮೇದಿನಿ ಜ್ಯೋತಿಷ ಎನ್ನುತ್ತಾರೆ. 1947ರ ಆಗಸ್ಟ್ 15ರ ನಡುರಾತ್ರಿಗೆ ವೃಷಭ ಲಗ್ನ ಇಟ್ಟು ದೇಶಕ್ಕೊಂದು ಕುಂಡಲಿ ಹಾಕುತ್ತಾರೆ. ಅದರಲ್ಲಿ ಎರಡನೆಯ ಮನೆ ಧನ, ಅಂದರೆ ಖಜಾನೆ, ಬ್ಯಾಂಕು. ಎಂಟನೆಯದು ಮರಣದ ಮನೆ, ವಿಮೆಯೂ ಅಲ್ಲೇ ಎನ್ನುತ್ತಾರೆ. ಬೆಂಗಳೂರಿನಲ್ಲಿ ಬಿ.ವಿ. ರಾಮನ್ ಅವರು ತಮ್ಮ ಅಜ್ಜ ಶುರುಮಾಡಿದ್ದ ಜ್ಯೋತಿಷ ಮಾಸಿಕವನ್ನು 1936ರಲ್ಲಿ ಮತ್ತೆ ಹೊರಡಿಸಿ, ದಶಕಗಳ ಕಾಲ ಯುದ್ಧ, ರಾಜಕೀಯ, ವ್ಯಾಪಾರಗಳ ಭವಿಷ್ಯ ಬರೆದರು. ಇಂಗ್ಲಿಷಿನಲ್ಲಿದ್ದ ಆ ಪತ್ರಿಕೆಗೆ ಹೊರದೇಶದಲ್ಲೂ ಓದುಗರಿದ್ದರು. ಅವರು ಓದಿಕೊಂಡವರು, ಲೆಕ್ಕ ಬಲ್ಲವರು. ಮೊಬೈಲಿನಲ್ಲಿ ಉಂಗುರ ಮಾರುವವರ ಜೊತೆ ಅವರನ್ನು ಸೇರಿಸಬಾರದು. ಆದರೂ ನನ್ನ ಮೊಂಡು ಪ್ರಶ್ನೆ ಒಂದಿದೆ. ಬ್ಯಾಂಕಿನ ಜನ್ಮದಿನ ಯಾವುದು ಸ್ವಾಮಿ?

ಕೆನರಾ ಬ್ಯಾಂಕನ್ನೇ ತೆಗೆದುಕೊಳ್ಳಿ. ಅಮ್ಮೆಂಬಳ ಸುಬ್ಬರಾವ್ ಪೈಗಳು ಮಂಗಳೂರಿನಲ್ಲಿ 1906ರ ಜುಲೈ 1ರಂದು ಅದನ್ನು ಒಂದು ನಿಧಿಯಾಗಿ ಸ್ಥಾಪಿಸಿದರು. 1910ರಲ್ಲಿ ಬ್ಯಾಂಕಾಯಿತು. 1969ರಲ್ಲಿ ಸರ್ಕಾರದ್ದಾಯಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಬಂದು ಅದರೊಳಗೆ ಕೂಡಿತು. ಯಾವ ದಿನಕ್ಕೆ ಕುಂಡಲಿ ಹಾಕಬೇಕು? ಸಿಂಡಿಕೇಟಿನ ಸಾಡೇಸಾತಿಯನ್ನು ಈಗ ಯಾರು ಅನುಭವಿಸಬೇಕು? ನಮ್ಮ ಭಾಗದ ಹೈದರಾಬಾದ್ ಬ್ಯಾಂಕಿನ ಕಥೆಯೂ ಇದೇ. ನಿಜಾಮರ ಕಾಲದಲ್ಲಿ 1941ರ ಕಾಯ್ದೆಯಿಂದ ಹುಟ್ಟಿತು, 1956ರಲ್ಲಿ ಹೆಸರು ಬದಲಿಸಿತು, 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕಿನೊಳಗೆ ಹೋಯಿತು. ಮದುವೆಯಾಗಿ ಗೋತ್ರ ಬದಲಾದ ಹೆಣ್ಣುಮಕ್ಕಳಿಗಾದರೂ ಜಾತಕ ಒಂದೇ ಇರುತ್ತದೆ!

ಕೈಯಲ್ಲಿ ಹಳೆಯ ಪಂಚಾಂಗ ಇರುವವರು ಇನ್ನೊಂದು ಆಟ ಆಡಿ ನೋಡಬಹುದು. ದೇಶದಲ್ಲಿ ರಾಜಕೀಯ ಅಲ್ಲೋಲಕಲ್ಲೋಲವಾಗಿ ಬ್ಯಾಂಕು, ವಿಮೆಗಳು ತಲೆಕೆಳಗಾದ ವರ್ಷಗಳ ಸಂವತ್ಸರದ ಹೆಸರು ಬರೆದುಕೊಳ್ಳಿ.

1969, ಸೌಮ್ಯ ಸಂವತ್ಸರ. ಹೆಸರು ಸೌಮ್ಯ. ನಡೆದದ್ದೇನು? ಜುಲೈ ತಿಂಗಳಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಅಧಿವೇಶನ. ಪಕ್ಷದ ಅಧ್ಯಕ್ಷರು ನಮ್ಮ ನಿಜಲಿಂಗಪ್ಪನವರು. ಇಂದಿರಾ ಗಾಂಧಿ ಅಲ್ಲಿಗೆ ಒಂದು ಟಿಪ್ಪಣಿ ಕಳಿಸಿದರು, ಅದರಲ್ಲಿ ಬ್ಯಾಂಕುಗಳ ವಿಷಯವೂ ಇತ್ತು. ಜುಲೈ 16ಕ್ಕೆ ಮೊರಾರ್ಜಿ ದೇಸಾಯಿಯವರ ಕೈಯಿಂದ ಹಣಕಾಸು ಖಾತೆ ಕಿತ್ತುಕೊಂಡರು. 19ಕ್ಕೆ ಸುಗ್ರೀವಾಜ್ಞೆ, 50 ಕೋಟಿಗಿಂತ ಹೆಚ್ಚು ಠೇವಣಿ ಇದ್ದ 14 ಬ್ಯಾಂಕುಗಳು ರಾಷ್ಟ್ರೀಕರಣ. ವರ್ಷ ಮುಗಿಯುವುದರೊಳಗೆ ಕಾಂಗ್ರೆಸ್ಸು ಎರಡು ಹೋಳು. ಸೌಮ್ಯ ಅಂದರೆ ಹೀಗಿರಬೇಕು!

ಆ ಜುಲೈ 19 ಯಾವ ದಿನ ಗೊತ್ತೇ? ಆಷಾಢ ಮಾಸ, ಅದರಲ್ಲೂ ಶನಿವಾರ. ನಮ್ಮ ಕಡೆ ಆಷಾಢದ ಶನಿವಾರ ಒಂದು ಪಾನ್ ಡಬ್ಬಿಯನ್ನೂ ಹೊಸದಾಗಿ ತೆರೆಯುವುದಿಲ್ಲ. ನಮ್ಮ ಗಡಿಯಾರದ ಪ್ರಕಾರ ಎರಡು ದಿನ ಬಿಟ್ಟು, ನವಗ್ರಹಗಳಲ್ಲಿ ಒಬ್ಬನಾದ ಚಂದ್ರನ ಮೇಲೆಯೇ ಮನುಷ್ಯ ಬೂಟುಗಾಲಿಟ್ಟ. 1970ರ ಫೆಬ್ರುವರಿ 10ಕ್ಕೆ ಸುಪ್ರೀಂ ಕೋರ್ಟು ಬ್ಯಾಂಕಿನ ಕಾಯ್ದೆಯನ್ನು ರದ್ದು ಮಾಡಿತು. ಆಷಾಢದ ಫಲ ಎಂದು ಅಂದವರೂ ಇದ್ದಾರು. ನಾಲ್ಕೇ ದಿನದಲ್ಲಿ ಮತ್ತೊಂದು ಸುಗ್ರೀವಾಜ್ಞೆ ಬಂತು, ಬ್ಯಾಂಕುಗಳು ಸರ್ಕಾರದ ಕೈಯಲ್ಲೇ ಉಳಿದವು. ಆ 14ರಲ್ಲಿ ನಮ್ಮ ಕೆನರಾ, ಸಿಂಡಿಕೇಟ್ ಎರಡೂ ಇದ್ದವು. ಠೇವಣಿ ಇಟ್ಟವನ ಒಂದು ರೂಪಾಯಿಯೂ ಹೋಗಲಿಲ್ಲ.

1975, ರಾಕ್ಷಸ ಸಂವತ್ಸರ. ಜೂನ್ 25ಕ್ಕೆ ತುರ್ತು ಪರಿಸ್ಥಿತಿ. 'ನೋಡಿದ್ರೇನ್ರೀ, ಹೆಸರಿಗೆ ತಕ್ಕಂಗ ಆತು' ಎನ್ನುತ್ತೀರಿ. ಸ್ವಲ್ಪ ತಡೆಯಿರಿ. ಅದೇ ರಾಕ್ಷಸ ಸಂವತ್ಸರದ ಗಾಂಧಿ ಜಯಂತಿಯಂದು ದೇಶದ ಮೊದಲ ಐದು ಗ್ರಾಮೀಣ ಬ್ಯಾಂಕುಗಳು ಹುಟ್ಟಿದವು. ಸಂವತ್ಸರ ಮುಗಿಯುವ ಮೊದಲೇ, 1976ರ ಜನವರಿಯಲ್ಲಿ, ಬಳ್ಳಾರಿಯಲ್ಲಿ ತುಂಗಭದ್ರಾ ಗ್ರಾಮೀಣ ಬ್ಯಾಂಕು ಶುರುವಾಯಿತು. ಬಳ್ಳಾರಿ, ರಾಯಚೂರು ಸೀಮೆಯ ಎಷ್ಟೋ ರೈತರು ಬ್ಯಾಂಕಿನ ಮೆಟ್ಟಿಲು ಮೊದಲು ಹತ್ತಿದ್ದೇ ಅಲ್ಲಿ. ಆ ಹೆಸರು ಈಗಿಲ್ಲ, ವಿಲೀನದ ಮೇಲೆ ವಿಲೀನವಾಗಿ ಬೋರ್ಡು ಬದಲಾಗಿದೆ. ಹಳಬರು ಮಾತ್ರ ಇನ್ನೂ ತುಂಗಭದ್ರಾ ಬ್ಯಾಂಕು ಅಂತಲೇ ಅನ್ನುತ್ತಾರೆ.

ಎಲ್ಲಕ್ಕಿಂತ ಮಜಾ ದುರ್ಮುಖಿಯದು. ಹೆಸರು ಕೇಳಿದರೇ ಹಣೆ ಗಂಟಾಗುವ ಸಂವತ್ಸರ. 1956ರ ದುರ್ಮುಖಿಯಲ್ಲಿ, ಸೆಪ್ಟೆಂಬರ್ 1ರಂದು, 245 ಖಾಸಗಿ ವಿಮಾ ಸಂಸ್ಥೆಗಳನ್ನು ಕೂಡಿಸಿ ಎಲ್ಐಸಿ ಶುರುಮಾಡಿದರು. ಅದೂ ಶನಿವಾರವೇ! ಅರವತ್ತು ವರ್ಷಕ್ಕೆ ಅದೇ ದುರ್ಮುಖಿ ತಿರುಗಿ ಬಂದದ್ದು 2016ರಲ್ಲಿ. ನವೆಂಬರ್ 8ರ ರಾತ್ರಿ 500, 1000ದ ನೋಟು ರದ್ದಾದವು, ನಾವೆಲ್ಲ ಎಟಿಎಂ ಮುಂದೆ ಪಾಳಿ ಹಚ್ಚಿದೆವು. ಒಂದೇ ಸಂವತ್ಸರ, ಒಂದೇ ಹೆಸರು. ಒಮ್ಮೆ ವಿಧವೆಯರ ಕೈಗೆ ವಿಮೆಯ ಹಣ ಮುಟ್ಟಿಸುವ ಸಂಸ್ಥೆ, ಇನ್ನೊಮ್ಮೆ ಅದೇ ವಿಧವೆಯರು ಸೀರೆ ಮಡಿಕೆಯಲ್ಲಿ ಮುಚ್ಚಿಟ್ಟ ನೋಟಿಗೆ ಸಂಚಕಾರ. ನವೆಂಬರ್ 8 ಅಂತ ಮೊದಲೇ ಬರೆದಿದ್ದ ಪಂಚಾಂಗ ಒಂದನ್ನೂ ನಾನು ನೋಡಲಿಲ್ಲ. 9ರ ಬೆಳಿಗ್ಗೆಯಿಂದ ಮಾತ್ರ ಎಲ್ಲರಿಗೂ ಮೊದಲೇ ಗೊತ್ತಿತ್ತು.

ಹೀಗೆ ಆದಮೇಲೆ ಅರ್ಥ ಹಚ್ಚುವುದರಲ್ಲಿ ನಾವು ಜಾಣರು. ಮೈಲಾರದ ಕಾರಣಿಕ ನೋಡಿ. ಗೊರವಯ್ಯ ಬಿಲ್ಲನ್ನೇರಿ ಒಂದೇ ಒಂದು ಮಾತು ನುಡಿದು ಕೆಳಗೆ ಬೀಳುತ್ತಾನೆ. ಆಳುವ ಪಕ್ಷದವರು ತಮಗೆ ಅನುಕೂಲ ಅನ್ನುತ್ತಾರೆ, ವಿರೋಧ ಪಕ್ಷದವರು ತಮಗೆ ಅನುಕೂಲ ಅನ್ನುತ್ತಾರೆ, ಒಕ್ಕಲಿಗರು ಮಳೆ ಅನ್ನುತ್ತಾರೆ. ಕೊಡೇಕಲ್ ಬಸವಣ್ಣನ ಕಾಲಜ್ಞಾನಕ್ಕೂ ಅಷ್ಟೇ, ಏನೇ ಆದರೂ 'ಅವತ್ತೇ ಹೇಳ್ಯಾರ' ಎನ್ನುವವರು ಊರಿಗೆ ಹತ್ತು ಜನ ಇದ್ದಾರೆ. ಭಕ್ತಿಯ ಮಾತು ಬೇರೆ. ಅದರ ಮೇಲೆ ಠೇವಣಿ ಮುರಿಯುವ ಮಾತು ಬೇರೆ.

ನಮ್ಮ ಸೀಮೆಯ ದೊಡ್ಡ ಅಲ್ಲೋಲಕಲ್ಲೋಲ ಅಂದರೆ 1948. ಆಗ ರಾಯಚೂರು ನಿಜಾಮರ ರಾಜ್ಯದಲ್ಲಿತ್ತು. ಚಲಾವಣೆಯಲ್ಲಿದ್ದದ್ದು ಹಾಲಿ ಸಿಕ್ಕಾ, ಏಳು ಹಾಲಿಗೆ ಆರು ಕಲ್ದಾರ್. ಗಡಿ ದಾಟಿ ಬಳ್ಳಾರಿಗೋ ಗದಗಕ್ಕೋ ವ್ಯಾಪಾರಕ್ಕೆ ಹೋದವರು ಈ ಲೆಕ್ಕ ಬಾಯಲ್ಲೇ ಹಾಕುತ್ತಿದ್ದರು. ರಜಾಕಾರರ ಹಾವಳಿ, ಊರು ಬಿಟ್ಟು ಓಡಿದವರು, ಒಲೆಯ ಹಿಂದೆ ಬಂಗಾರ ಹುಗಿದವರು. ಆ ಸಂವತ್ಸರದ ಹೆಸರು ಸರ್ವಧಾರಿ. ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಒಳಗೆ ಬಂತು, 17ಕ್ಕೆ ಎಲ್ಲಾ ಮುಗಿಯಿತು.

ಆ ನಾಲ್ಕೈದು ದಿನಗಳ ಗದ್ದಲದಲ್ಲೇ ಹೈದರಾಬಾದ್ ಸರ್ಕಾರದ ಹತ್ತು ಲಕ್ಷ ಪೌಂಡಿಗಿಂತ ಸ್ವಲ್ಪ ಹೆಚ್ಚು ಹಣ ಲಂಡನ್ನಿನ ಒಂದು ಬ್ಯಾಂಕಿನಲ್ಲಿ ಪಾಕಿಸ್ತಾನದ ಹೈಕಮಿಷನರ್ ಹೆಸರಿಗೆ ಜಮಾ ಆಯಿತು. ನಿಜಾಮರು ನನ್ನ ಒಪ್ಪಿಗೆ ಇಲ್ಲ, ವಾಪಸ್ ಕೊಡಿ ಎಂದರು. ಪಾಕಿಸ್ತಾನ ನಮ್ಮದು ಎಂದಿತು. ಭಾರತ ನಮ್ಮದು ಎಂದಿತು. ಬ್ಯಾಂಕು ಯಾರಿಗೂ ಕೊಡಲಿಲ್ಲ, ಹಣ ಅಲ್ಲೇ ಕೂತು ಮರಿ ಹಾಕಿತು. 2019ರ ಅಕ್ಟೋಬರ್ 2ರಂದು ಲಂಡನ್ನಿನ ಹೈಕೋರ್ಟು ಭಾರತದ ಮತ್ತು ನಿಜಾಮರ ವಂಶಸ್ಥರ ಪರವಾಗಿ ತೀರ್ಪು ಕೊಟ್ಟಿತು. ಆ ಹೊತ್ತಿಗೆ ಅದು ಸುಮಾರು ಮೂರೂವರೆ ಕೋಟಿ ಪೌಂಡು ಆಗಿತ್ತು. ಸರ್ಕಾರದ ಬೊಕ್ಕಸದ ದುಡ್ಡು ಅಂದಮೇಲೆ ನಮ್ಮ ಮಾನ್ವಿ, ದೇವದುರ್ಗದ ರೈತರು ಕಟ್ಟಿದ ಕಂದಾಯವೂ ಅದರಲ್ಲಿ ಚೂರುಪಾರು ಇರಲೇಬೇಕು. ಪಂಚಾಂಗದ ಕಂದಾಯ ಫಲದಲ್ಲಿ ಸೊನ್ನೆ ಬಂದರೆ ಮುಖ ಸಣ್ಣದು ಮಾಡಿಕೊಳ್ಳುತ್ತೇವೆ. ಈ ಕಂದಾಯದ ಫಲ 71 ವರ್ಷ ಲಂಡನ್ನಿನಲ್ಲಿ ಕೂತಿತ್ತು! ಅದನ್ನು ಹಿಡಿದಿಟ್ಟದ್ದೂ ಬಿಡಿಸಿದ್ದೂ ಕಾಗದ, ಸಹಿ, ಕೋರ್ಟು.

ಈಗ ಕಾಕಾನ ಪ್ರಶ್ನೆಗೆ ಹತ್ತಿರ ಬರೋಣ. 1962ರ ಫೆಬ್ರುವರಿ ಮೊದಲ ವಾರ. ಈಗ ಎಪ್ಪತ್ತು ದಾಟಿದವರಿಗೆ ನೆನಪಿರಬೇಕು, ಅಷ್ಟಗ್ರಹ ಕೂಟ. ಮಕರ ರಾಶಿಯಲ್ಲಿ ಎಂಟು ಗ್ರಹ ಕೂಡುತ್ತವೆ, ಪ್ರಳಯವಾಗುತ್ತದೆ ಎಂದು ದೇಶಕ್ಕೆ ದೇಶವೇ ಗಾಬರಿ. ಊರೂರಲ್ಲಿ ಹೋಮ, ಭಜನೆ, ಅನ್ನದಾನ. ಅದೇ ತಿಂಗಳು ಸಾರ್ವತ್ರಿಕ ಚುನಾವಣೆ ಬೇರೆ. ಫೆಬ್ರುವರಿ 3, 4, 5 ಬಂದವು, ಹೋದವು. 6ನೇ ತಾರೀಕು ಬೆಳಗಾಯಿತು, ಹಾಲಿನವನು ಬಂದ. ಚುನಾವಣೆಯೂ ನಡೆಯಿತು. ಎಂಟು ತಿಂಗಳ ಮೇಲೆ ಚೀನಾ ಯುದ್ಧವಾದಾಗ 'ಅಷ್ಟಗ್ರಹದ ಫಲ ತಡವಾಗಿ ಬಂತು' ಅಂದರು. ರಾಯಚೂರಿನ ಬಸ್ಸೂ ಅಷ್ಟು ತಡವಾಗಿ ಬರುವುದಿಲ್ಲ.

ಆದರೆ ಅದೇ ವರ್ಷ ಯಾರೂ ಹೋಮ ಮಾಡದೆ, ಯಾರೂ ಸುದ್ದಿ ಮಾಡದೆ ಇನ್ನೊಂದು ಕೆಲಸ ಆಗಿತ್ತು. ಅಷ್ಟಗ್ರಹ ಕೂಟಕ್ಕೆ ಸುಮಾರು ಒಂದು ತಿಂಗಳ ಹಿಂದೆ, 1962ರ ಜನವರಿ 1ರಂದು, ಠೇವಣಿ ವಿಮಾ ನಿಗಮ ಕೆಲಸ ಶುರುಮಾಡಿತು. ಕೇರಳದ ಪಾಲಾಯ್ ಸೆಂಟ್ರಲ್ ಬ್ಯಾಂಕು 1960ರಲ್ಲಿ ಮುಳುಗಿ ಬಡಬಗ್ಗರು ಎದೆ ಬಡಿದುಕೊಂಡ ಮೇಲೆ ಸರ್ಕಾರಕ್ಕೆ ಬುದ್ಧಿ ಬಂದು ಮಾಡಿದ ಏರ್ಪಾಡು. ಬ್ಯಾಂಕು ಮುಳುಗಿದರೆ ಒಬ್ಬ ಠೇವಣಿದಾರನಿಗೆ 1,500 ರೂಪಾಯಿವರೆಗೆ ನಿಗಮ ಕೊಡುತ್ತಿತ್ತು. ಆ ಮಿತಿ 1993ರಲ್ಲಿ ಒಂದು ಲಕ್ಷವಾಯಿತು. 2020ರ ಫೆಬ್ರುವರಿ 4ರಿಂದ ಐದು ಲಕ್ಷ, ಅಸಲು-ಬಡ್ಡಿ ಎರಡೂ ಸೇರಿ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ. ಇದರ ಕಂತನ್ನು ಬ್ಯಾಂಕೇ ಕಟ್ಟಬೇಕು, ನಮ್ಮಿಂದ ವಸೂಲು ಮಾಡುವಂತಿಲ್ಲ. ಸರ್ಕಾರಿ ಬ್ಯಾಂಕು, ಖಾಸಗಿ ಬ್ಯಾಂಕು, ಗ್ರಾಮೀಣ ಬ್ಯಾಂಕು, ಸಹಕಾರಿ ಬ್ಯಾಂಕು ಎಲ್ಲಕ್ಕೂ ಉಂಟು.

ಕಾಕಾನ ಮೂರು ಲಕ್ಷ ಪೂರ್ತಿ ಈ ಛತ್ರಿಯ ಕೆಳಗಿತ್ತು. ಶನಿ ಮೀನದಲ್ಲಿರಲಿ, ಮೇಷದಲ್ಲಿರಲಿ.

ವಿಮೆಯವರ ವಿದ್ಯೆಯ ಬಗ್ಗೆಯೂ ಹೇಳಿಬಿಡುತ್ತೇನೆ, ಏಕೆಂದರೆ ಅವರೂ ಒಂದು ರೀತಿಯ ಜೋಯಿಸರೇ. ಧೂಮಕೇತುವಿಗೆ ಹೆಸರು ಬಂದ ಎಡ್ಮಂಡ್ ಹ್ಯಾಲಿ ಗೊತ್ತಲ್ಲ? ಆಕಾಶ ನೋಡಿ, ಲೆಕ್ಕ ಹಾಕಿ, ಆ ಧೂಮಕೇತು 1758ರ ಸುಮಾರಿಗೆ ಮತ್ತೆ ಬರುತ್ತದೆ ಅಂದವನು. ತಾನು ಸತ್ತ ಮೇಲೂ ಮಾತು ಸುಳ್ಳಾಗಲಿಲ್ಲ, ಬಂತು. ಇಂಥ ಆಕಾಶಶಾಸ್ತ್ರಿಗೆ 1693ರಲ್ಲಿ ಒಂದು ಬೇರೆ ಲೆಕ್ಕ ಎದುರಾಯಿತು. ಮನುಷ್ಯ ಎಷ್ಟು ವರ್ಷ ಬದುಕುತ್ತಾನೆ, ಅವನಿಗೆ ವರ್ಷಾಶನ ಮಾರಬೇಕಾದರೆ ಎಷ್ಟು ಬೆಲೆ ಇಡಬೇಕು? ಹ್ಯಾಲಿ ಆಗ ಆಕಾಶದ ಕಡೆ ತಲೆ ಎತ್ತಲಿಲ್ಲ. ಬ್ರೆಸ್ಲಾವ್ ಎಂಬ ಊರಿನ ಹುಟ್ಟು-ಸಾವಿನ ದಾಖಲೆ ನೋಡಿದ. ಎಷ್ಟು ಮಕ್ಕಳು ಹುಟ್ಟಿದರು, ಯಾವ ವಯಸ್ಸಿಗೆ ಎಷ್ಟು ಜನ ಸತ್ತರು ಎಂದು ಪಟ್ಟಿ ಮಾಡಿದ. ಇವತ್ತಿನ ಜೀವವಿಮೆಯ ಲೆಕ್ಕ ಬೆಳೆದದ್ದು ಅಂಥ ಪಟ್ಟಿಗಳಿಂದ. ಆ ಪಟ್ಟಿ ಯಾರು ಸಾಯುತ್ತಾರೆ ಎಂದು ಹೇಳುವುದಿಲ್ಲ, ಸಾವಿರದಲ್ಲಿ ಎಷ್ಟು ಮಂದಿ ಎಂದು ಹೇಳುತ್ತದೆ. ನಮ್ಮ ಜಾತಕದವರು ಯಾರು ಎಂದು ಹೇಳುತ್ತಾರೆ, ಎಷ್ಟು ಮಂದಿ ಎಂದು ಹೇಳುವುದಿಲ್ಲ. ವಿಮಾ ಕಂಪನಿ ನಡೆಯುವುದು ಎಷ್ಟು ಮಂದಿ ಎಂಬ ಲೆಕ್ಕದ ಮೇಲೆ.

ಎಲ್ಐಸಿಯವರು ಜಾತಕ ಕೇಳುತ್ತಿದ್ದರು ಎಂದು ಹಳೆಯ ಏಜೆಂಟರು ಹೇಳುತ್ತಾರೆ. ನಿಜ. ಶಾಲೆಯ ಸರ್ಟಿಫಿಕೇಟು, ಜನನ ಪತ್ರ ಇಲ್ಲದವರಿಗೆ, ಹುಟ್ಟಿದಾಗಲೇ ಬರೆಸಿದ ಜಾತಕವನ್ನು ವಯಸ್ಸಿನ ದಾಖಲೆಯಾಗಿ ಒಪ್ಪುವ ಪದ್ಧತಿ ಇತ್ತು, ಅದೂ ಎರಡನೆಯ ದರ್ಜೆಯ ದಾಖಲೆಯಾಗಿ. ಅದರಲ್ಲಿ ಅವರು ನೋಡುತ್ತಿದ್ದದ್ದು ಹುಟ್ಟಿದ ತಾರೀಕು ಒಂದೇ. ಆಯುಸ್ಥಾನದಲ್ಲಿ ಗುರು ಇದ್ದಾನೆ, ಕಂತು ಕಡಿಮೆ ಮಾಡಿ ಎಂದರೆ ಯಾವ ಆಫೀಸರನೂ ಕೇಳಲಿಲ್ಲ.

ಈ ಜಾತಕ ಪರೀಕ್ಷೆ ಮಾಡಿದವರೂ ಇದ್ದಾರೆ. ಪುಣೆಯಲ್ಲಿ ಖಗೋಳ ವಿಜ್ಞಾನಿ ಜಯಂತ ನಾರಳೀಕರರು 2008ರಲ್ಲಿ ಬುದ್ಧಿವಂತ ಮಕ್ಕಳ ನೂರು, ಬುದ್ಧಿಮಾಂದ್ಯ ಮಕ್ಕಳ ನೂರು ಜಾತಕ ಕೂಡಿಸಿದರು. 27 ಮಂದಿ ಜ್ಯೋತಿಷಿಗಳಿಗೆ ತಲಾ 40 ಕೊಟ್ಟು ಯಾವುದು ಯಾರದು ಹೇಳಿ ಎಂದರು. ಸರಿಯಾದದ್ದು ನೂರಕ್ಕೆ 46. ನಾಣ್ಯ ಚಿಮ್ಮಿದರೂ 50ರ ಹತ್ತಿರ ಬರುತ್ತದೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಎಪ್ಪತ್ತರ ದಶಕದಲ್ಲೇ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿ ಎಷ್ಟೊಂದು ಜನರ ಬೈಗುಳ ತಿಂದರು. ಖಾದಿ ಟೋಪಿಯ ಆ ಬ್ರಹ್ಮಚಾರಿ ಮೇಷ್ಟ್ರು ಇವತ್ತು ಮೊಬೈಲು ನೋಡಿದ್ದರೆ ಏನನ್ನುತ್ತಿದ್ದರೋ.

ನಮ್ಮೂರ ಆಚಾರ್ರನ್ನೇ ಒಮ್ಮೆ ಕೇಳಿದೆ. 'ಆಚಾರ್ರ, ನಿಮ್ಮ ರೊಕ್ಕ ಎಲ್ಲಿ ಇಟ್ಟೀರಿ?' ಅವರು ನಕ್ಕರು. 'ಪೋಸ್ಟ್ ಆಫೀಸಿನ್ಯಾಗಪಾ. ಗ್ರಹ ನೋಡಿ ಮುಹೂರ್ತ ಇಡಬೇಕು, ರೊಕ್ಕ ಇಡಬಾರದು.' ಈ ಮಾತಿಗೆ ಅವರಿಗೆ ನಮಸ್ಕಾರ.

ಹಾಗಾದರೆ ಬ್ಯಾಂಕು ಮುಳುಗುವುದೇ ಇಲ್ಲವೇ? ಮುಳುಗುತ್ತದೆ. ಸಾಲ ಕೊಟ್ಟವರಲ್ಲಿ ಕೈ ಎತ್ತಿದವರು ಹೆಚ್ಚಾದರೆ, ಒಳಗಿನವರೇ ಕಳ್ಳ ಲೆಕ್ಕ ಬರೆದರೆ ಮುಳುಗುತ್ತದೆ. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿಗೆ ರಿಸರ್ವ್ ಬ್ಯಾಂಕು ನಿರ್ಬಂಧ ಹಾಕಿತು, 35 ಸಾವಿರಕ್ಕಿಂತ ಹೆಚ್ಚು ತೆಗೆಯುವಂತಿಲ್ಲ ಎಂದಿತು. ಪಿಂಚಣಿಯ ಹಣ ಇಟ್ಟಿದ್ದ ಮುದುಕರು ರಸ್ತೆಗೆ ಬಂದರು. ನಮ್ಮ ಮಂತ್ರಾಲಯದ ರಾಯರ ಹೆಸರು ಬೋರ್ಡಿನ ಮೇಲಿತ್ತು. ಬೋರ್ಡಿನ ಹೆಸರು ಲೆಕ್ಕಪತ್ರ ಕಾಯುವುದಿಲ್ಲ. ಅದೇ ವರ್ಷ ಮಾರ್ಚಿನಲ್ಲಿ ಯೆಸ್ ಬ್ಯಾಂಕಿಗೆ 50 ಸಾವಿರದ ಮಿತಿ ಹಾಕಿದರು. ಸ್ಟೇಟ್ ಬ್ಯಾಂಕು ಮತ್ತಿತರರು ಬಂಡವಾಳ ಹಾಕಿ ಎತ್ತಿದ ಮೇಲೆ ಎರಡು ವಾರದೊಳಗೆ ಮಿತಿ ತೆಗೆದರು. 2021ರ ತಿದ್ದುಪಡಿಯಿಂದ ಇಂಥ ನಿರ್ಬಂಧ ಬಿದ್ದರೆ ಐದು ಲಕ್ಷದೊಳಗಿನ ಹಣ 90 ದಿನದಲ್ಲಿ ಕೈಗೆ ಬರಬೇಕು. ಮೊದಲು ವರ್ಷಗಟ್ಟಲೆ ಅಲೆಯಬೇಕಿತ್ತು.

ಇನ್ನೊಂದು ರೀತಿಯಲ್ಲೂ ಮುಳುಗುತ್ತದೆ. ಯಾವ ಬ್ಯಾಂಕೂ ನಮ್ಮೆಲ್ಲರ ಹಣವನ್ನು ತಿಜೋರಿಯಲ್ಲಿ ಇಟ್ಟುಕೊಂಡು ಕೂತಿರುವುದಿಲ್ಲ. ಸಾಲ ಕೊಟ್ಟಿರುತ್ತದೆ. ಒಬ್ಬ ಭವಿಷ್ಯ ಹೇಳಿದ, ಹತ್ತು ಜನ ನಂಬಿದರು, ನೂರು ಜನ ಬಾಗಿಲಿಗೆ ಬಂದು ನಿಂತರು, ಅದನ್ನು ನೋಡಿ ಸಾವಿರ ಜನ ಬಂದರು ಅನ್ನಿ. ಗಟ್ಟಿ ಬ್ಯಾಂಕಿಗೂ ಆ ದಿನ ಕಷ್ಟ. ಆಮೇಲೆ ಭವಿಷ್ಯ ಹೇಳಿದವನು ಮೀಸೆ ತಿರುವುತ್ತಾನೆ. ಸರ್ಕಾರ ಅಲುಗಾಡುವ ಹೊತ್ತಿನಲ್ಲಿ ಇಂಥ ಮಾತು ಬೆಂಕಿಗೆ ತುಪ್ಪ.

ಇನ್ನು ಕಾಕಾ. ಯುಗಾದಿ ಮುಗಿದ ವಾರವೇ ಹೋಗಿ ಠೇವಣಿ ಮುರಿಸಿದರು. ಅವಧಿಗೆ ಮೊದಲು ಮುರಿಸಿದ್ದಕ್ಕೆ ಬಡ್ಡಿಯಲ್ಲಿ ಕಡಿತ. ಕೌಂಟರಿನ ಹುಡುಗಿ 'ಯಾಕ್ರೀ ಅಜ್ಜಾ, ಇನ್ನ ಏಳು ತಿಂಗಳದ ಅಲ್ಲ' ಅಂದಳಂತೆ. ಮನೆಯಲ್ಲಿ ಇಟ್ಟುಕೊಳ್ಳಲು ಕಳ್ಳರ ಭಯ. ಅಂಗಡಿಗೆ ದಿನಾ ಪಿಗ್ಮಿ ಎತ್ತಲು ಬರುವ ಹುಡುಗ 'ನಮ್ಮ ಸೌಹಾರ್ದದಾಗ ಇಡ್ರಿ ಕಾಕಾ, ಇದು ಬ್ಯಾಂಕಲ್ಲ, ಬ್ಯಾಂಕಿಗೆ ಬರೋ ಕಂಟಕ ಇದಕ್ಕ ಬರಾಂಗಿಲ್ಲ, ಬಡ್ಡಿನೂ ಎರಡು ಪರ್ಸೆಂಟ್ ಜಾಸ್ತಿ' ಅಂದ. ದೇವರ ಹೆಸರಿನ ಸಂಘ, ಒಳಗೆ ದೊಡ್ಡ ಫೋಟೋ, ಊದುಬತ್ತಿ. ಮೂರು ಲಕ್ಷ ಅಲ್ಲಿಗೆ ಹೋಯಿತು.

ಹುಡುಗ ಹೇಳಿದ್ದು ಒಂದು ಅರ್ಥದಲ್ಲಿ ಖರೆ. ಅದು ಬ್ಯಾಂಕಲ್ಲ. ಬ್ಯಾಂಕಲ್ಲದ್ದರಿಂದ ಠೇವಣಿ ವಿಮೆಯೂ ಇಲ್ಲ. ಪತ್ತಿನ ಸಹಕಾರಿ ಸಂಘ, ಸೌಹಾರ್ದ ಸಹಕಾರಿ, ಇವಕ್ಕೆ ಆ ಐದು ಲಕ್ಷದ ಛತ್ರಿ ಇಲ್ಲ. ಚೊಕ್ಕವಾಗಿ ನಡೆಯುವ ಸಂಘಗಳು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟಿವೆ, ಅಂಗಡಿಕಾರರಿಗೆ ಹೊತ್ತಿಗೆ ಸಾಲ ಕೊಟ್ಟು ಕೈ ಹಿಡಿದಿವೆ, ನನ್ನ ಅಳಿಯನ ಅಂಗಡಿಯೂ ಅಂಥದೊಂದರ ಸಾಲದಲ್ಲೇ ನಿಂತಿದೆ. ಆದರೆ ಬಾಗಿಲಲ್ಲಿ ಕೇಳಬೇಕಾದ ಪ್ರಶ್ನೆ ಯಾವುದು? ಇದು ರಿಸರ್ವ್ ಬ್ಯಾಂಕಿನ ಪರವಾನಗಿ ಇರುವ ಬ್ಯಾಂಕೋ, ಸಂಘವೋ? ಠೇವಣಿ ವಿಮೆ ಇದೆಯೋ ಇಲ್ಲವೋ? ನಾಮಿನಿ ಹೆಸರು ಬರೆಸಿದೆಯೋ? ಐದು ಲಕ್ಷಕ್ಕೆ ಮೇಲಿದ್ದರೆ ಎರಡು ಬ್ಯಾಂಕಿನಲ್ಲಿ ಹಂಚಿ ಇಟ್ಟಿದ್ದೀಯೋ? ಕಾಕಾ ಇದರಲ್ಲಿ ಒಂದನ್ನೂ ಕೇಳಲಿಲ್ಲ. ಅವರು ಕೇಳಿದ್ದು ನನ್ನನ್ನು. ನಾನು ಬಸ್ಸು ಹತ್ತಿದೆ.

ಆರು ತಿಂಗಳು ತುಂಬುವುದರೊಳಗೆ ಆ ಸಂಘದ ಬಾಗಿಲಿಗೆ ಒಂದು ಹಾಳೆ ಅಂಟಿತು. 'ತಾಂತ್ರಿಕ ಕಾರಣಗಳಿಂದ' ಎಂದು ಶುರುವಾಗುವ ಹಾಳೆ. ಪಿಗ್ಮಿ ಹುಡುಗ ಪಾಪ ಅವನೂ ಮೋಸ ಹೋದವನೇ, ಅವನ ಅವ್ವನ ಬಂಗಾರವೂ ಅಲ್ಲೇ ಸಿಕ್ಕಿದೆ. ಕಾಕಾ ಮೊದಲು ಠೇವಣಿ ಇಟ್ಟಿದ್ದ ಬ್ಯಾಂಕಿನಲ್ಲಿ ಮಾತ್ರ ಎಂದಿನಂತೆ ಪಾಳಿ, ಎಂದಿನಂತೆ ಪಾಸ್‌ಬುಕ್ಕಿನ ಮಷಿನ್ನು ಕೆಟ್ಟಿದೆ.

ಮೊನ್ನೆ ಮಿರ್ಚಿ ಕಟ್ಟಿಕೊಡುತ್ತಾ ಕಾಕಾ ಅಂದರು, 'ನೀ ಏನರ ಅನ್ನು, ಆ ಮೊಬೈಲಿನಾಂವ ಹೇಳಿದ್ದು ಖರೇ ಆತಲ್ಲೋ. ಕಂಟಕ ಬಂತಲ್ಲ.'

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಆ ಭವಿಷ್ಯ ಕೇಳಿರದಿದ್ದರೆ ಹಣ ಬ್ಯಾಂಕಿನಲ್ಲೇ ಇರುತ್ತಿತ್ತು ಎಂದು ಹೇಳಿದರೆ ಮುದುಕನ ಎದೆ ಇನ್ನಷ್ಟು ಒಡೆಯುತ್ತದೆ. ಠೇವಣಿದಾರರ ಹಿತರಕ್ಷಣೆಗೆ ರಾಜ್ಯದಲ್ಲಿ 2004ರ ಕಾಯ್ದೆ ಇದೆ, ಸಹಕಾರ ಇಲಾಖೆ ಇದೆ, ರಸೀದಿಗಳ ಝೆರಾಕ್ಸ್ ತೆಗೆಸಿ ಎಲ್ಲಾ ಠೇವಣಿದಾರರೂ ಕೂಡಿ ಅರ್ಜಿ ಕೊಡೋಣ ಎಂದೆ. ಹೋಟೆಲಿನ ಮುಂದೆಯೇ ಹನ್ನೊಂದು ಜನ ಸಿಕ್ಕರು, ಇಬ್ಬರು ಹೆಣ್ಣುಮಕ್ಕಳು ಸೇರಿ.

ಕಾಕಾ ರಸೀದಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡರು.

'ರಾಯಚೂರಿಗೆ ಯಾವಾಗ ಹೋಗೂಣು?'

'ಸೋಮವಾರ ಹೋಗೂಣ್ರಿ ಕಾಕಾ, ಏಳೂವರಿ ಬಸ್ಸಿಗೆ.'

'ಸೋಮವಾರ ಏಳೂವರಿಯಿಂದ ಒಂಬತ್ತು ರಾಹುಕಾಲ ಅದಲ್ಲೋ ತಮ್ಮಾ.'

ಒಂಬತ್ತರ ನಂತರದ ಬಸ್ಸಿಗೆ ಹೋದೆವು. ಆಫೀಸು ತೆರೆಯುವುದೂ ಹೇಗೂ ಹತ್ತರ ಮೇಲೆಯೇ.